ಒಸಾಕಾ ಮೇಳದ ಎಡಬದಿಯ ಬಾಗಿಲು

ನಮ್ಮ ಮನೆಯ ಊಟದ ಮೇಜು ಆ ಎರಡು ತಿಂಗಳು ಊಟಕ್ಕೆ ಸಿಗಲೇ ಇಲ್ಲ. 1970ರಲ್ಲಿ ಜಪಾನಿನ ಒಸಾಕಾದಲ್ಲಿ ನಡೆದ ಜಾಗತಿಕ ಮೇಳದ ಒಂದು ಮಂಟಪ ಅದರ ಮೇಲೆ ದಿನಾ ಇಷ್ಟಿಷ್ಟೇ ಎದ್ದು ನಿಲ್ಲುತ್ತಿತ್ತು. ಮಲೇಷ್ಯಾದ ಪುಚೊಂಗ್‌ನ ನಮ್ಮ ಕಾಂಡೋ ಫ್ಲಾಟಿನಲ್ಲಿ ಒಳಗಿನ ಕೋಣೆ ಗಂಡನ ಆಫೀಸು, ಬಾಗಿಲು ಹಾಕಿಕೊಂಡರೆ ಮೀಟಿಂಗ್ ಮುಗಿಯುವ ತನಕ ತೆಗೆಯುತ್ತಿರಲಿಲ್ಲ. ಹಾಲ್‌ನಲ್ಲಿ ನಾನು, ನನ್ನ ಕಟರ್, ನನ್ನ ಅಂಟು. ನೆಲದ ಮೇಲೆ ಚಾಪೆ ಹಾಸಿಕೊಂಡು ತಟ್ಟೆ ಮುಂದಿಟ್ಟುಕೊಂಡ ನಮ್ಮ ಅತ್ತೆ. ಶಿವರಾತ್ರಿ ಮುಗಿಸಿಕೊಂಡು ಮೈಸೂರಿನಿಂದ ಬಂದಿದ್ದವರು ಯುಗಾದಿ ಹೊತ್ತಿಗೆ ವಾಪಸ್ ಹೋಗಬೇಕಿತ್ತು. ಅಷ್ಟರಲ್ಲಿ ಲಾಕ್‌ಡೌನ್ ಬಂದು ವಿಮಾನಗಳೆಲ್ಲ ನಿಂತವು.

"ಕಡಲು ದಾಟಿ ಬಂದು ನೆಲದ ಮೇಲೆ ಉಣ್ಣೋ ಯೋಗ ನೋಡೇ ನಂದು," ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. "ಮೇಜಿನ ಮೇಲೆ ಯಾರೋ ಜಪಾನಿನೋರ ಮನೆ, ನಮಗೆ ಚಾಪೆ."

"ಜಪಾನಿನೋರದ್ದಲ್ಲ ಅತ್ತೆ, ಮಲೇಷ್ಯಾದವರದ್ದೇ. ಜಪಾನಿಗೆ ಹೋಗಿ ಕಟ್ಟಿದ್ದು."

"ಯಾರದ್ದಾದ್ರೇನು, ಸಾರಿನ ಪಾತ್ರೆ ಇಡೋಕೆ ಜಾಗ ಇಲ್ವಲ್ಲ!"

ನನ್ನ ಕೆಲಸ ಕಟ್ಟಡಗಳ ಮಾದರಿ ಮಾಡುವುದು. ಪೆಟಾಲಿಂಗ್ ಜಯಾದ ಸಣ್ಣದೊಂದು ವರ್ಕ್‌ಶಾಪಿನಲ್ಲಿ ನಾವು ನಾಲ್ಕೈದು ಜನ. ಬಿಲ್ಡರುಗಳು ಇನ್ನೂ ಅಡಿಪಾಯವನ್ನೇ ತೋಡಿರದ ಕಾಂಡೋಗಳನ್ನು ಮಾರಬೇಕಲ್ಲ, ಅದಕ್ಕಾಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಪುಟ್ಟ ಗೋಪುರಗಳು, ಅಂಗೈಯಗಲದ ಈಜುಕೊಳ, ಬೆರಳುದ್ದದ ತಾಳೆಮರ. ಮಾಡಿ ಮಾಡಿ ನನಗೆ ಸಾಕಾಗಿಹೋಗಿತ್ತು. ಅಂಥ ಹೊತ್ತಿನಲ್ಲಿ, ಲಾಕ್‌ಡೌನಿಗೆ ಸ್ವಲ್ಪ ಮುಂಚೆ, ಕೌಲಾಲಂಪುರದ ಮಾಂಟ್ ಕಿಯಾರಾದಿಂದ ಒಬ್ಬ ಹಿರಿಯ ಮಲಯ್ ಹೆಂಗಸು, ಯಂತ್ರದಲ್ಲಿಟ್ಟು ಬೆಳಕು ಬಿಟ್ಟು ನೋಡುವ ಹಳೇ ಫೋಟೋ ಸ್ಲೈಡುಗಳ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ವರ್ಕ್‌ಶಾಪಿಗೆ ಬಂದರು. ವಯಸ್ಸು ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಇಲ್ಲಿ ಅಂಥವರನ್ನು ಗೌರವದಿಂದ 'ಪುವಾನ್' ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆದೆ.

ಪುವಾನ್ ತಮ್ಮ ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಸಾಕಾ ಮೇಳದ ಮಲೇಷ್ಯಾ ಮಂಟಪದಲ್ಲಿ ಗೈಡ್ ಆಗಿದ್ದರು. ತವರ, ರಬ್ಬರು, ಬಾಟಿಕ್ ಬಟ್ಟೆ, ಜರಿ ನೇಯುವ ಮಗ್ಗ, ದೊಡ್ಡ ದೊಡ್ಡ ಗಾಳಿಪಟ, ಎಲ್ಲವನ್ನೂ ಬಂದವರಿಗೆ ತೋರಿಸಿ ವಿವರಿಸುವುದು ಅವರ ಕೆಲಸ. ಮೇಳಕ್ಕೆ ಐವತ್ತು ವರ್ಷ ತುಂಬುತ್ತಿದೆ, ಉಳಿದಿರುವ ಗೈಡುಗಳೆಲ್ಲ ಒಂದು ಕಡೆ ಸೇರಬೇಕು, ಆವತ್ತು ಮೇಜಿನ ಮೇಲೆ ಆ ಮಂಟಪದ ಹಾಲ್‌ನ ಮಾದರಿ ಇರಬೇಕು ಅನ್ನುವುದು ಅವರ ಆಸೆ. ಅವರು ಆಡಿದ್ದು ಇಂಗ್ಲಿಷ್, ಮಲಯ್ ಎರಡೂ ಬೆರೆತ ಮಾತು. ನಾನು ಅದನ್ನು ನನ್ನ ಕನ್ನಡಕ್ಕೆ ತಂದುಕೊಂಡು ಹೇಳುತ್ತಿದ್ದೇನೆ, ಇಲ್ಲಿಯವರು ಮಾತಿನ ಕೊನೆಗೆ ಒತ್ತು ಕೊಡಲು ಸೇರಿಸುವ 'ಲಾ' ಒಂದನ್ನು ಹಾಗೇ ಬಿಟ್ಟು.

"ನಿಜ ಹೇಳ್ಬೇಕಂದ್ರೆ ಇದು ನನಗಲ್ಲ," ಎಂದರು ಪುವಾನ್. "ಇಪೋ ಊರಲ್ಲಿ ನನ್ನ ಗೆಳತಿ ಇದ್ದಾಳೆ. ನಾನು ಮುಂದಿನ ಬಾಗಿಲಲ್ಲಿ ನಿಂತು ಜನರನ್ನ ಒಳಗೆ ಕರೀತಿದ್ದೆ. ಅವಳು ಹಿಂದಿನ ಬಾಗಿಲಲ್ಲಿ ನಿಂತು, ಹೊರಡೋರ ಕೈಗೆ ಒಂದೊಂದು ಬೀಸಣಿಗೆ ಕೊಟ್ಟು ಕಳಿಸ್ತಿದ್ಲು. ಈಗ ಅವಳಿಗೆ ಮರೆವು. ಒಂದಷ್ಟು ನೆನಪಿದೆ, ಒಂದಷ್ಟು ಇಲ್ಲ. ಮನೆಯವರು ಅವಳು ಹೇಳಿದ್ದೆಲ್ಲಕ್ಕೂ 'ಹೂಂ ಹೂಂ' ಅಂತಾರೆ, ಯಾವುದನ್ನೂ ನಂಬಲ್ಲ. ಮೇಳದ ಮಾತು ಬಂದ್ರೆ ಮಾತ್ರ ಅವಳು ಹಳೇ ಹುಡುಗಿ ಲಾ! ಒಂದೇ ಒಂದ್ಸಲ ಅವಳನ್ನ ಆ ಹಾಲ್ ಒಳಗೆ ನಡೆಸಿಬಿಡಬೇಕು. ಅವಳ ಮಗಳು ಅದನ್ನ ನೋಡ್ಬೇಕು."

ಆ ಗೆಳತಿಯನ್ನು ನಾನು ಆಮೇಲೆ 'ಮಾಕ್ ಚಿಕ್' ಎಂದು ಕರೆದೆ. ನಾವು ಚಿಕ್ಕಮ್ಮ ಅನ್ನುವ ಹಾಗೆ, ರಕ್ತಸಂಬಂಧ ಇಲ್ಲದಿದ್ದರೂ ಇಲ್ಲಿ ಎಲ್ಲರೂ ಬಳಸುವ ಮಾತು ಅದು.

ಮಾರ್ಚ್‌ನಲ್ಲಿ ಎಲ್ಲ ಮುಚ್ಚಿತು. ಗೆಳತಿಯರ ಕೂಟ ರದ್ದಾಯಿತು. ಊರಿಂದೂರಿಗೆ ಹೋಗುವ ಹಾಗಿಲ್ಲ, ಹೆದ್ದಾರಿಯಲ್ಲಿ ಪೊಲೀಸರು, ದಿನಸಿಗೂ ಮನೆಗೊಬ್ಬರೇ ಹೋಗಬೇಕು. ವರ್ಕ್‌ಶಾಪಿಗೆ ಬೀಗ ಬಿತ್ತು. ಬೋರ್ಡ್ ಕತ್ತರಿಸುವ ಲೇಸರ್ ಯಂತ್ರ ಆ ಬೀಗದ ಒಳಗೇ ಉಳಿಯಿತು. ಈ ಕೆಲಸವೂ ನಿಂತಿತು ಅಂದುಕೊಂಡೆ. ಆದರೆ ಪುವಾನ್ ಫೋನ್ ಮಾಡಿ, "ಹರಿ ರಾಯಾ, ನಿಮ್ಮ ಕಡೆ ರಂಜಾನ್ ಅಂತೀರಲ್ಲ, ಆ ಹಬ್ಬದ ಒಳಗೆ ಆಗತ್ತಾ? ಯಾರೂ ಬರೋಕಾಗಲ್ಲ ಅಂದ್ರೆ ಫೋನಿನಲ್ಲೇ ತೋರಿಸೋಣ. ಮುಂದಿನ ವರ್ಷ ಅಂದ್ರೆ ಅವಳಿಗೆ ಈಗಿರೋಷ್ಟೂ ನೆನಪಿರಲ್ಲ," ಎಂದರು. ಆ ಮಾತು ಕೇಳಿ ನಾನು ಒಪ್ಪಿಕೊಂಡೆ. ನಮ್ಮ ಬಾಸ್, ಪೆಟಾಲಿಂಗ್ ಜಯಾದಲ್ಲೇ ಹುಟ್ಟಿ ಬೆಳೆದ ಚೀನೀ ಮನುಷ್ಯ, ಸ್ಲೈಡುಗಳನ್ನೆಲ್ಲ ಮನೆಯಲ್ಲೇ ಸ್ಕ್ಯಾನ್ ಮಾಡಿ ನನಗೆ ಕಳಿಸಿದ. ಬೋರ್ಡು, ಅಂಟು, ಸ್ಟೀಲ್ ಸ್ಕೇಲು ಎಲ್ಲವನ್ನೂ ಮೂಟೆ ಕಟ್ಟಿ ಡೆಲಿವರಿ ಬೈಕಿನವನ ಕೈಲಿ ಕಳಿಸಿದ.

ಮಂಟಪದ ನಕ್ಷೆ ಯಾರ ಬಳಿಯೂ ಇರಲಿಲ್ಲ. ಫೋಟೋ ನೋಡಿಯೇ ಅಳತೆ ತೆಗೆಯಬೇಕು. ಅದಕ್ಕೊಂದು ಉಪಾಯವಿದೆ. ಚಿತ್ರದಲ್ಲಿ ನಮಗೆ ಎತ್ತರ ಗೊತ್ತಿರುವ ಒಂದು ವಸ್ತು ಸಿಕ್ಕಿದರೆ ಸಾಕು, ಮಿಕ್ಕದ್ದನ್ನೆಲ್ಲ ಅದರಿಂದ ಲೆಕ್ಕ ಹಾಕಬಹುದು. ನನಗೆ ಸಿಕ್ಕಿದ್ದು ಪುವಾನರೇ. ಮುಂದಿನ ಬಾಗಿಲಿಗೊರಗಿ ನಗುತ್ತ ನಿಂತ ಇಪ್ಪತ್ತೊಂದರ ಹುಡುಗಿ. ಅವರು ಫೋನಿನಲ್ಲಿ ತಮ್ಮ ಎತ್ತರ ಹೇಳಿ, "ಆಗ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ್ದೆ, ಅದನ್ನೂ ಸೇರಿಸಿ ಲೆಕ್ಕ ಹಾಕಮ್ಮ," ಎಂದರು. ಅದರಿಂದ ಬಾಗಿಲು, ಬಾಗಿಲಿನಿಂದ ಗೋಡೆ, ಗೋಡೆಯಿಂದ ಚಾವಣಿ. ಫೋಟೋವನ್ನು ಗೋಡೆಗಂಟಿಸಿ ನೂಲು ಹಿಡಿದು ಎಳೆದರೆ, ನೆಲದ ಹಾಸುಗಲ್ಲಿನ ಗೆರೆಗಳೆಲ್ಲ ದೂರದಲ್ಲಿ ಒಂದು ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದು ಸಿಕ್ಕಿತೆಂದರೆ ಹಾಲ್‌ನ ಉದ್ದ ಸಿಕ್ಕ ಹಾಗೆ. ನಿಜದ ಇಪ್ಪತ್ತು ಅಡಿಗೆ ಇಲ್ಲಿ ಒಂದು ಅಡಿ ಎಂದು ಗೊತ್ತು ಮಾಡಿಕೊಂಡೆ.

ಲೇಸರ್ ಇಲ್ಲ ಎಂದ ಮೇಲೆ ಎಲ್ಲ ಕೈಯಲ್ಲೇ. ಫೋಮ್ ಬೋರ್ಡಿನ ಗೋಡೆ, ಕಬಾಬಿನಂಥ ಸಾತೆಗೆ ಚುಚ್ಚುವ ಬಿದಿರು ಕಡ್ಡಿಯ ಕಂಬ, ಕಡ್ಡಿ ಪೊರಕೆ ಬಿಚ್ಚಿ ಹೊದಿಸಿದ ಇಳಿಜಾರು ಚಾವಣಿ. ಪೊರಕೆ ಕಾಣೆಯಾಗಿದ್ದಕ್ಕೆ ಅತ್ತೆ ಮನೆಯೆಲ್ಲ ಹುಡುಕಿ, ಕೊನೆಗೆ ಅದು ಚಾವಣಿಯಾಗಿದ್ದನ್ನು ಕಂಡು ಹಣೆ ಚಚ್ಚಿಕೊಂಡರು. ಬೈದರೂ ದೂರ ಹೋಗಲಿಲ್ಲ. ಪಕ್ಕದಲ್ಲೇ ಕೂತು ಫೋಟೋಗಳನ್ನು ಒಂದೊಂದಾಗಿ ನೋಡತೊಡಗಿದರು.

"ನಮ್ಮ ದಸರಾ ವಸ್ತುಪ್ರದರ್ಶನದ ಥರಾನೇ ಇದೆಯಲ್ಲೇ! ನಾವು ಅಪ್ಪನ ಕೈ ಹಿಡ್ಕೊಂಡು ಹೋಗ್ತಿದ್ವಿ. ಒಂದು ಮಳಿಗೇಲಿ ರೇಷ್ಮೆ ಹುಳ ಗೂಡು ಕಟ್ಟೋದನ್ನ ತೋರಿಸೋರು. ನಾನು ಅಲ್ಲಿಂದ ಕದಲ್ತಾನೇ ಇರ್ಲಿಲ್ಲ. ನಮ್ಮಪ್ಪ ಚುರುಮುರಿ ಆಸೆ ತೋರಿಸಿ ಎಳ್ಕೊಂಡು ಹೋಗ್ಬೇಕಿತ್ತು." ಹೇಳುತ್ತಾ ಹೇಳುತ್ತಾ ಅವರ ಮುಖ ಅರಳುತ್ತಿತ್ತು. ಐವತ್ತು ಅರವತ್ತು ವರ್ಷದ ಹಿಂದಿನ ಮಳಿಗೆಗಳ ಸಾಲನ್ನು ಅವರು ಬೆರಳು ಮಡಿಚಿ ಒಂದೊಂದಾಗಿ ಹೇಳುವುದನ್ನು ಕೇಳುತ್ತಾ ನಾನು ಕಂಬ ನೆಟ್ಟೆ. ಆ ದಿನಗಳನ್ನು ಈಗ ನೆನೆದರೆ ಹಿತವೆನಿಸುತ್ತದೆ. ಹೊರಗೆ ಲೋಕವೇ ಬಾಯಿಮುಚ್ಚಿಕೊಂಡು ಕೂತಿತ್ತು, ನಮ್ಮ ಹಾಲ್‌ನಲ್ಲಿ ಮಾತ್ರ ಎರಡು ಮೇಳ ನಡೆಯುತ್ತಿದ್ದವು.

ಮಗ್ಗದ ಮೇಲಿನ ಜರಿ ಬಟ್ಟೆಗೆ ಅತ್ತೆ ತಮ್ಮ ಹಳೇ ರೇಷ್ಮೆ ಸೀರೆಯ ಅಂಚಿನಿಂದ ಜರಿ ಎಳೆ ಬಿಡಿಸಿಕೊಟ್ಟರು. ಬಾಟಿಕ್ ಮೇಜಿಗೆ ಪುವಾನ್ ತಮ್ಮ ಹಳೆಯ ಉಡುಪಿನ ತುಂಡುಗಳನ್ನು ಕವರಿನಲ್ಲಿಟ್ಟು ಕಳಿಸಿದರು. ಹಾಲ್‌ನ ಮುಂದಿನ ಅರ್ಧದಲ್ಲಿ ತವರ ಮತ್ತು ರಬ್ಬರಿನ ವಿಭಾಗ, ಗೋಡೆಯಲ್ಲಿ ದೊಡ್ಡಕ್ಷರದ ಫಲಕಗಳು. ಹಿಂದಿನ ಅರ್ಧದಲ್ಲಿ ಮಗ್ಗ, ಬಾಟಿಕ್, ಗಾಳಿಪಟ. ಮಾಕ್ ಚಿಕ್ ನಿಲ್ಲುತ್ತಿದ್ದ ಹೊರಬಾಗಿಲೂ ಅಲ್ಲೇ, ಫೋಟೋಗಳ ಪ್ರಕಾರ ಬಲಗೋಡೆಯಲ್ಲಿ. ಆ ಭಾಗದ ಚಿತ್ರಗಳಲ್ಲಿ ಬರಹ ಒಂದೂ ಇರಲಿಲ್ಲ.

ಒಳಗೆ ಜನರನ್ನು ನಡೆಸುವುದಕ್ಕೆ ಪ್ಲಂಬರುಗಳು ಪೈಪಿನೊಳಗೆ ಇಳಿಸುವ ಕ್ಯಾಮೆರಾ ತರಿಸಿದೆ. ತೆಳು ಕೇಬಲ್ಲಿನ ತುದಿಯಲ್ಲಿ ಕಡಲೆಕಾಳಿನಷ್ಟು ಕಣ್ಣು. ಅದನ್ನು ಕಡ್ಡಿಗೆ ಕಟ್ಟಿ, ಮನುಷ್ಯರ ಕಣ್ಣಿನ ಎತ್ತರಕ್ಕೆ ಹಿಡಿದು ನೂಕಿದರೆ, ಫೋನಿನ ಪರದೆಯಲ್ಲಿ ಹಾಲ್ ಒಳಗೆ ನಡೆದ ಹಾಗೇ ಕಾಣುತ್ತಿತ್ತು. ಮೊದಲ ಸಲ ನೋಡಿದಾಗ ನನಗೇ ಮೈ ಜುಮ್ಮೆಂದಿತು. ಪುವಾನ್‌ಗೆ ವೀಡಿಯೊ ಕಳಿಸಿದರೆ ನೋಡಿ ಕಣ್ಣೀರಿಟ್ಟರು. "ಹೀಗೇ ಇತ್ತು. ಎಲ್ಲ ಹೀಗೇ ಇತ್ತು," ಎಂದರು.

ಬೊಂಬೆಗಳನ್ನು ಮಾಡುವುದಷ್ಟೇ ಬಾಕಿಯಿತ್ತು. ಅದಕ್ಕೂ ಮೊದಲು ಮಾಕ್ ಚಿಕ್‌ಗೆ ಒಮ್ಮೆ ತೋರಿಸೋಣ ಎಂದು ಒಂದು ಬೆಳಿಗ್ಗೆ ಎಲ್ಲರೂ ವೀಡಿಯೊ ಕರೆಯಲ್ಲಿ ಸೇರಿದೆವು. ಮಾಂಟ್ ಕಿಯಾರಾದಿಂದ ಪುವಾನ್, ಪೆಟಾಲಿಂಗ್ ಜಯಾದಿಂದ ಬಾಸ್, ಇಪೋದಿಂದ ಮಾಕ್ ಚಿಕ್ ಮತ್ತು ಅವರ ಮಗಳು. ಮಾಕ್ ಚಿಕ್ ಚಿಕ್ಕ ಮುಖದ, ದೊಡ್ಡ ಕನ್ನಡಕದ ಹೆಂಗಸು. ಕ್ಯಾಮೆರಾ ಮುಂಬಾಗಿಲು ದಾಟಿದ್ದೇ, "ತವರ! ಅಗೋ ರಬ್ಬರ್ ಹಾಳೆ! ಜಪಾನೀ ಮಕ್ಕಳು ಅದನ್ನ ಮೂಸಿ ನೋಡಿ ಮುಖ ಕಿವುಚೋರು," ಎಂದು ಚಪ್ಪಾಳೆ ತಟ್ಟಿದರು. ನಾನು ಕಡ್ಡಿಯನ್ನು ಇನ್ನಷ್ಟು ಒಳಗೆ ನೂಕಿದೆ. ಮಗ್ಗ ದಾಟಿತು. ಮಾಕ್ ಚಿಕ್ ಚಪ್ಪಾಳೆ ನಿಲ್ಲಿಸಿದರು.

"ನನ್ನ ಬಾಗಿಲೆಲ್ಲಿ?"

"ಬಲಗಡೆ ಇದೆಯಲ್ಲ ಮಾಕ್ ಚಿಕ್," ಎಂದು ಕ್ಯಾಮೆರಾ ತಿರುಗಿಸಿದೆ.

"ಅಲ್ಲ ಲಾ. ಎಡಗಡೆ. ನನ್ನ ಬಾಗಿಲು ಎಡಗಡೆ. ಮಗ್ಗದ ಟಕ್ ಟಕ್ ಸದ್ದು ನನಗೆ ಈ ಕಿವೀಲಿ ಕೇಳ್ತಿತ್ತು." ಅವರು ಒಂದು ಕಿವಿ ಮುಟ್ಟಿ ತೋರಿಸಿದರು. "ಇದು ನಮ್ಮ ಹಾಲ್ ಅಲ್ಲ. ಬೇರೆ ಯಾರದ್ದೋ."

"ಮಾಕ್, ಫೋಟೋ ನೋಡಿ ಮಾಡಿದ್ದಾರೆ," ಎಂದಳು ಮಗಳು, ದಣಿದ ದನಿಯಲ್ಲಿ. ಮಾಕ್ ಎಂದರೆ ಅಮ್ಮ. "ಫೋಟೋ ಸುಳ್ಳು ಹೇಳತ್ತಾ?"

ಪುವಾನ್ ಕೂಡ, "ಬಲಗಡೆನೇ ಕಣೇ, ನನ್ನ ಹತ್ರ ಫೋಟೋ ಇದೆ," ಎಂದರು. ಮಾಕ್ ಚಿಕ್ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ತಮ್ಮ ಎರಡು ಕೈಗಳನ್ನೂ ನೋಡಿಕೊಂಡು, ಮೆಲ್ಲಗೆ, "ಹಾಗಾದ್ರೆ ಇದೂ ಹೋಯ್ತು," ಎಂದು ಎದ್ದು ಹೋದರು.

ಮಗಳು ನಮ್ಮ ಕ್ಷಮೆ ಕೇಳಿದಳು. "ತಪ್ಪು ತಿಳೀಬೇಡಿ. ಅಮ್ಮ ಹೀಗೇ. ಒಲೆ ಆರಿಸಿದೀನಿ ಅಂತಾರೆ, ಉರೀತಿರತ್ತೆ. ನಾನು ಅವರನ್ನ ಏನೂ ಕೇಳೋದೇ ಬಿಟ್ಟಿದೀನಿ. ಮೇಳದ ಮಾತಾದ್ರೂ ಸರಿಯಾಗಿ ನೆನಪಿದೆ ಅಂದ್ಕೊಂಡಿದ್ದೆ."

ಕರೆ ಮುಗಿಯಿತು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಕಣ್ಣು ಉರಿಯುವ ತನಕ ಕೂತು ಅಳತೆ ತೆಗೆದಿದ್ದೇನೆ, ಇವರು ಬೇರೆ ಯಾರದ್ದೋ ಹಾಲ್ ಅಂದುಬಿಟ್ಟರಲ್ಲ ಅಂತ ಒಂದು ಕಡೆ. ಆ 'ಇದೂ ಹೋಯ್ತು' ಅನ್ನುವ ಮಾತು ಇನ್ನೊಂದು ಕಡೆ. ಅವರಿಗೆ ಉಳಿದಿದ್ದ ಒಂದೇ ಒಂದು ಗಟ್ಟಿ ನೆಲವನ್ನು ನಾವೇ ಕಿತ್ತುಕೊಂಡಂತಾಗಿತ್ತು. ಸಂಜೆ ಪುವಾನ್ ಫೋನ್ ಮಾಡಿ, "ಬಿಡಮ್ಮ, ವಯಸ್ಸಾಯ್ತು ಅವಳಿಗೆ. ನಿನ್ನ ಕೆಲಸ ಚೆನ್ನಾಗಿದೆ, ಬೊಂಬೆ ಇಟ್ಟು ಮುಗಿಸಿಬಿಡು," ಎಂದರು. ಅವರ ದನಿಯಲ್ಲಿ ಮೊದಲಿನ ಹುರುಪಿರಲಿಲ್ಲ.

ಮಾರನೇ ದಿನ ಮುಖ ಊದಿಸಿಕೊಂಡೇ ಬೊಂಬೆ ಮಾಡಲು ಕೂತೆ. ಒಣಗಿದರೆ ಗಟ್ಟಿಯಾಗುವ ಜೇಡಿಮಣ್ಣಿನಲ್ಲಿ, ಒಳಗೆ ತಂತಿ ಕೊಟ್ಟು, ಬೆರಳುದ್ದದ ಮನುಷ್ಯರು. ಹೊರಬಾಗಿಲ ಬಳಿ ಮಾಕ್ ಚಿಕ್ ಒಬ್ಬ ಜಪಾನೀ ಗೃಹಸ್ಥನಿಗೆ ಬೀಸಣಿಗೆ ಕೊಡುತ್ತಿರುವ ಫೋಟೋ ಒಂದಿತ್ತು, ಅದನ್ನೇ ಎದುರಿಟ್ಟುಕೊಂಡು ಅವರನ್ನು ಹಾಗೇ ತಿದ್ದಿದೆ. ಬಾಗಿದ ಬೆನ್ನು, ಮುಂದೆ ಚಾಚಿದ ಕೈ, ಕೈಯಲ್ಲಿ ಉಗುರಿನಷ್ಟು ಬೀಸಣಿಗೆ. ಬಣ್ಣ ಒಣಗಲಿ ಅಂತ ಕಿಟಕಿಯಲ್ಲಿಟ್ಟೆ. ಅತ್ತೆ ಕನ್ನಡಕ ಮೂಗಿಗೇರಿಸಿಕೊಂಡು ಬಗ್ಗಿ ನೋಡಿದರು.

"ಯಾರೇ ಇವಳು, ಮನೆಗೆ ಬಂದೋರಿಗೆ ಎಡಗೈಲಿ ಕೊಡ್ತಿದ್ದಾಳೆ? ಇವಳಿಗೆ ಹೇಳೋರು ಕೇಳೋರು ಯಾರೂ ಇರ್ಲಿಲ್ವಾ?"

"ಫೋಟೋದಲ್ಲಿ ಹಾಗೇ ಇದೆ ಅತ್ತೆ. ನಾನೇನು ಮಾಡ್ಲಿ?" ಎಂದು ಸಿಡುಕಿದೆ.

"ಸಾಕು ಸುಮ್ನಿರೇ. ಕೆಳಗಿನ ಅಂಗಡಿ ಮಲಯ್ ಹೆಂಗಸು ಚಿಲ್ಲರೆ ಕೊಡುವಾಗ್ಲೂ ಬಲಗೈ ಚಾಚಿ, ಎಡಗೈಯನ್ನ ಬಲ ಮೊಣಕೈಗೆ ಮುಟ್ಟಿಸಿ ಕೊಡ್ತಾಳೆ. ನಮಗಿಂತ ಮಡಿ ಅವರು. ಅಷ್ಟು ದೊಡ್ಡ ಮೇಳಕ್ಕೆ ಆರಿಸಿ ಕಳಿಸಿದ ಹುಡುಗಿ ಎಡಗೈಲಿ ಕೊಡ್ತಾಳಾ?"

ಹೌದಲ್ಲ! ಇಲ್ಲಿಗೆ ಬಂದ ಹೊಸತರಲ್ಲಿ ನಾನು ಬಲಗೈಯಲ್ಲಿ ಚೀಲ ಹಿಡಿದು ಎಡಗೈಯಲ್ಲಿ ದುಡ್ಡು ಚಾಚಿದರೆ ಅಂಗಡಿಯವರ ಮುಖ ಸಣ್ಣಗಾಗುತ್ತಿತ್ತು. ಗೈಡುಗಳಿಗೆ ತಿಂಗಳುಗಟ್ಟಲೆ ನಡೆ ನುಡಿ ಕಲಿಸಿದ್ದರು ಎಂದು ಪುವಾನರೇ ಹೇಳಿದ್ದರು. ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಮಾಕ್ ಚಿಕ್ ಎಡಚರೇ ಇರಬಹುದು ಅಂದುಕೊಂಡರೆ, ಬೀಸಣಿಗೆ ತೆಗೆದುಕೊಳ್ಳುತ್ತಿದ್ದ ಗೃಹಸ್ಥನ ಅಂಗಿಯ ಜೇಬು ಬಲ ಎದೆಯ ಮೇಲಿತ್ತು. ಗಡಿಯಾರ ಬಲ ಮಣಿಕಟ್ಟಿನಲ್ಲಿತ್ತು. ಖಾತ್ರಿ ಮಾಡಿಕೊಳ್ಳೋಣ ಅಂತ ಕೋಣೆಗೆ ನುಗ್ಗಿ, ಮೀಟಿಂಗಿನಲ್ಲಿದ್ದ ಗಂಡನ ಎದೆ ಮುಟ್ಟಿ ನೋಡಿದೆ. ಜೇಬು ಎಡಗಡೆ. "ಏನಾಯ್ತೇ ನಿನಗೆ?" ಎಂದು ಅವರು ಗಾಬರಿಯಾದರು. ಪರದೆಯಲ್ಲಿದ್ದವರೆಲ್ಲ ನಕ್ಕಿದ್ದು ಕೇಳಿಸಿತು.

ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲವಾಗಿ ಸ್ಕ್ಯಾನ್ ಆಗಿತ್ತು. ಮಾಕ್ ಚಿಕ್ ಹೇಳಿದ್ದೇ ಸರಿ.

ಬಾಸ್‌ಗೆ ಫೋನ್ ಮಾಡಿದೆ. ಅವನು ಮೊದಲು ಒಪ್ಪಲಿಲ್ಲ. ಪ್ರತಿ ಸ್ಲೈಡಿನ ಚೌಕಟ್ಟಿನ ಮೂಲೆಯಲ್ಲೂ ಒಂದು ಶಾಯಿ ಚುಕ್ಕೆ ಇರುತ್ತದೆ. ಕೈಯಲ್ಲಿ ಹಿಡಿದು ನೋಡುವಾಗ ಅದು ಎಡಗಡೆ ಕೆಳಗೆ ಬಂದರೆ ಚಿತ್ರ ನೆಟ್ಟಗಿದೆ ಎಂದರ್ಥ. ಈ ಕಸುಬಿನವರೆಲ್ಲ ಕಣ್ಣುಮುಚ್ಚಿ ನಂಬುವ ಗುರುತು ಅದು. "ನಾನು ಚುಕ್ಕೆ ನೋಡಿಯೇ ಹಾಕಿದ್ದು ಲಾ," ಎಂದ. ಅಕ್ಷರಗಳಿದ್ದ ಚಿತ್ರಗಳು ಮಾತ್ರ ಉಲ್ಟಾ ಕಂಡವಂತೆ, ಯಾರೋ ಚುಕ್ಕೆ ತಪ್ಪಾಗಿ ಇಟ್ಟಿದ್ದಾರೆ ಅಂದುಕೊಂಡು ಅವನ್ನಷ್ಟೇ ತಿರುಗಿಸಿದ್ದನಂತೆ. ಅಕ್ಷರವಿಲ್ಲದ ಚಿತ್ರಗಳನ್ನು ಚುಕ್ಕೆ ನಂಬಿ ಹಾಗೇ ಬಿಟ್ಟಿದ್ದ. ನಾನು ಹಟ ಹಿಡಿದದ್ದಕ್ಕೆ ಒಂದು ಸ್ಲೈಡಿನ ಚೌಕಟ್ಟು ಬಿಚ್ಚಿದ. ಫಿಲ್ಮಿನ ಅಂಚಿನಲ್ಲಿ ಕಂಪನಿಯವರು ಅಚ್ಚು ಹಾಕಿದ ಅಕ್ಷರಗಳಿರುತ್ತವೆ. ಚುಕ್ಕೆಯ ಪ್ರಕಾರ ಹಿಡಿದಾಗ ಅವು ಹಿಂದುಮುಂದಾಗಿದ್ದವು.

ಚುಕ್ಕೆ ಹಾಗೇಕೆ ಇತ್ತು ಅನ್ನುವುದು ಪುವಾನರಿಂದ ತಿಳಿಯಿತು. ಮೇಳ ಮುಗಿಸಿ ಊರಿಗೆ ಬಂದ ಮೇಲೆ ಅವರು, ಮಾಕ್ ಚಿಕ್ ಇಬ್ಬರೂ ಶಾಲೆ ಶಾಲೆಗೂ ಹೋಗಿ ಈ ಸ್ಲೈಡುಗಳನ್ನು ತೋರಿಸಿದ್ದರು. ಮಕ್ಕಳು ಯಂತ್ರದ ಬೆಳಕಿಗೆ ಅಡ್ಡ ಬರುತ್ತಾರೆಂದು ಯಂತ್ರವನ್ನು ಬಿಳಿ ಬಟ್ಟೆಯ ಹಿಂದೆ ಇಟ್ಟು, ಹಿಂದಿನಿಂದ ಬೆಳಕು ಬಿಡುತ್ತಿದ್ದರು. ಹಾಗೆ ತೋರಿಸಬೇಕಾದರೆ ಸ್ಲೈಡನ್ನು ಮಗುಚಿ ಹಾಕಬೇಕು. ಆ ಲೆಕ್ಕಕ್ಕೆ ಇಟ್ಟ ಚುಕ್ಕೆಗಳು ಅವು. "ಚುಕ್ಕೆ ಇಟ್ಟವಳು ಅವಳೇ," ಎಂದು ಪುವಾನ್ ಬಿಕ್ಕಿದರು. "ನಾನು ಅವಳ ಮಾತು ಬಿಟ್ಟು ಫೋಟೋ ನಂಬಿದೆನಲ್ಲ." ತಕ್ಷಣ ಇಪೋಗೆ ಫೋನ್ ಮಾಡಿ ಹೇಳಿದರು ಕೂಡ. ಫೋನ್ ತೆಗೆದುಕೊಂಡ ಮಗಳು, "ಆಯ್ತು ಆಂಟಿ, ಹೇಳ್ತೀನಿ," ಎಂದಳಂತೆ. ಅಮ್ಮನ ಸಮಾಧಾನಕ್ಕೆ ಇವರು ಹೀಗೆ ಹೇಳುತ್ತಿದ್ದಾರೆ ಎಂದೇ ಅವಳು ತಿಳಿದುಕೊಂಡಿದ್ದಳು.

ಬಾಸ್ ಒಂದು ಸುಲಭದ ದಾರಿ ಹೇಳಿದ. "ವೀಡಿಯೊನೇ ಉಲ್ಟಾ ಮಾಡೋಣ ಲಾ. ಒಂದು ಬಟನ್, ಮುಗೀತು." ಒಂದು ಕ್ಷಣ ನನಗೂ ಆಸೆಯಾಯಿತು. ಆದರೆ ಮುಂದಿನ ಅರ್ಧ ನೆಟ್ಟಗಿನ ಚಿತ್ರಗಳಿಂದ ಕಟ್ಟಿದ್ದು. ವೀಡಿಯೊ ತಿರುಗಿಸಿದರೆ ತವರ, ರಬ್ಬರಿನ ಫಲಕಗಳಲ್ಲಿ ಅಕ್ಷರಗಳೆಲ್ಲ ಕನ್ನಡಿಯಕ್ಷರವಾಗುತ್ತವೆ. ಹಿಂದಿನ ಅರ್ಧದ ಗೋಡೆಗಳನ್ನು ಕಿತ್ತು ಅದಲು ಬದಲು ಮಾಡಿದರೂ ಆಗದು. ಎಡಗಾಲಿನ ಚಪ್ಪಲಿಯನ್ನು ಎಷ್ಟು ತಿರುಗಿಸಿದರೂ ಬಲಗಾಲಿಗೆ ಬಾರದು. ಹೊಸದಾಗಿಯೇ ಕಟ್ಟಬೇಕು.

"ಗಿರಾಕಿ ಸಾಕು ಅಂದಾಗಿದೆ. ನೀನ್ಯಾಕೆ ಇಲ್ಲದ ಕೆಲಸ ಹುಡುಕ್ತೀಯ?" ಎಂದ ಬಾಸ್.

"ಆ ಹೆಂಗಸು ಸರಿಯಾಗೇ ಹೇಳಿದ್ರು. ನನ್ನ ಗೋಡೆ ಅವರನ್ನ ಸುಳ್ಳಾಗಿಸ್ತು," ಎಂದೆ. "ಅದನ್ನ ಹಾಗೇ ಬಿಟ್ಟು ನನಗೆ ಅನ್ನ ಇಳಿಯಲ್ಲ."

ಅವನು ನಿಟ್ಟುಸಿರು ಬಿಟ್ಟು, "ಸರಿ, ಏನೇನು ಬೇಕು ಹೇಳು," ಎಂದ. ಆದರೆ ಅವನ ಬಳಿಯೂ ಬೋರ್ಡ್ ಮುಗಿದಿತ್ತು, ಸ್ಟೇಷನರಿ ಅಂಗಡಿಗಳೆಲ್ಲ ಮುಚ್ಚಿದ್ದವು. ನಮ್ಮ ಶೆಲ್ಫಿನ ಮೇಲೆ ನನ್ನ ಹಳೇ ಕೈಕೆಲಸದ ಒಂದು ಕಾಂಡೋ ಗೋಪುರ ಕೂತಿತ್ತು. ಕೆಲಸ ಕಲಿತ ಹೊಸತರಲ್ಲಿ ಆಸೆಪಟ್ಟು ಮಾಡಿ ಇಟ್ಟುಕೊಂಡದ್ದು. ಅದನ್ನೇ ಬಿಚ್ಚಿದೆ. ಅದರ ಗೋಡೆಗಳು ಮಂಟಪದ ಗೋಡೆಗಳಾದವು.

ಗರಗಸದ ಅಲಗಿನಿಂದ ಹಾಲ್ ಅನ್ನು ಮಧ್ಯಕ್ಕೆ ಅಡ್ಡಲಾಗಿ ಕೊಯ್ದಾಗ ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. "ಕಟ್ಟಿದ ಮನೆ ಕೊಯ್ಯೋದನ್ನ ನೋಡೋಕಾಗಲ್ಲ ಕಣೇ." ಸ್ಕ್ಯಾನುಗಳನ್ನೆಲ್ಲ ಮತ್ತೆ ತೆರೆದು, ಒಂದೊಂದರಲ್ಲೂ ಅಂಗಿ ಜೇಬು, ಗಡಿಯಾರ, ಕೊಡುವ ಕೈ ನೋಡಿ ತಿರುಗಿಸಿದೆ. ಮನುಷ್ಯರೇ ಇಲ್ಲದ ಚಿತ್ರಗಳನ್ನು ಪಕ್ಕದ ಚಿತ್ರದ ಜೊತೆ ಹೊಂದಿಸಿ ನೋಡಿದೆ. ಮೊದಲು ಕಟ್ಟುವಾಗ ಹಿಂದಿನ ಅರ್ಧದ ಚಾವಣಿಯ ತೊಲೆಗಳು ಮುಂದಿನ ಅರ್ಧದ ತೊಲೆಗಳಿಗೆ ನೇರ ಸೇರದೆ, ಒಂದು ತುಂಡು ಸೇರಿಸಿ ಜೋಡಿಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಆಗ ಮೇಳ ಕಟ್ಟಿದ ಬಡಗಿಗಳನ್ನೇ ಬೈದಿದ್ದೆ. ಈಗ ಅವು ತಾವಾಗಿಯೇ ಬಂದು ಕೂತವು. ಮಗ್ಗವನ್ನು ಬಲಕ್ಕೆ ಸರಿಸಿದೆ. ಬಾಗಿಲನ್ನು ಎಡಗೋಡೆಯಲ್ಲಿ ಕೊಯ್ದೆ. ಮಾಕ್ ಚಿಕ್ ಬೊಂಬೆಯನ್ನು ಹೊಸದಾಗಿ ಮಾಡಿ, ಬೀಸಣಿಗೆಯನ್ನು ಬಲಗೈಗೆ ಕೊಟ್ಟೆ. ಗಾಳಿಪಟಗಳಿಗೆ ಅತ್ತೆ ಬಾಲ ಅಂಟಿಸಿದರು. ಬೆನ್ನು ನೋವು, ಬೆರಳ ತುದಿಯಲ್ಲಿ ಗಾಯ, ಎರಡೂ ಹೊತ್ತು ಅನ್ನ ಸಾರು. ಹಬ್ಬ ಹತ್ತಿರ ಬರುತ್ತಿತ್ತು.

ಹರಿ ರಾಯಾಕ್ಕೆ ಮುಂಚಿನ ವಾರದ ಒಂದು ಬೆಳಿಗ್ಗೆ ಎಲ್ಲರೂ ಮತ್ತೆ ಸೇರಿದೆವು. ಈ ಸಲ ಇನ್ನೂ ನಾಲ್ಕೈದು ಹಳೇ ಗೈಡುಗಳ ಮುಖಗಳು ಪರದೆಯಲ್ಲಿದ್ದವು. ಮಾಕ್ ಚಿಕ್ ಬರಲೊಲ್ಲೆ ಎಂದಿದ್ದರಂತೆ. ಮಗಳು ಕೈ ಹಿಡಿದು ತಂದು ಕೂರಿಸಿ, ತಾನು ಹಿಂದೆ ಗೋಡೆಗೊರಗಿ ನಿಂತಿದ್ದಳು. ಫೋನಿನಲ್ಲಿ ಏನೋ ನೋಡುತ್ತಿದ್ದಳು.

ನಾನು ಕಡ್ಡಿ ನೂಕಿದೆ. ತವರ ಬಂತು, ರಬ್ಬರು ಬಂತು. ಮಾಕ್ ಚಿಕ್ ಈ ಸಲ ಚಪ್ಪಾಳೆ ತಟ್ಟಲಿಲ್ಲ. ಮಗ್ಗ ಬಲಗಡೆಯಿಂದ ಹಾದು ಹೋಯಿತು. ಅವರ ಕೈ ಎದ್ದು, ಮೊದಲ ಕರೆಯಲ್ಲಿ ಮುಟ್ಟಿ ತೋರಿಸಿದ್ದ ಕಿವಿಯ ಹತ್ತಿರ ಹೋಯಿತು. ನಾನು ಕ್ಯಾಮೆರಾವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದೆ. ಬಾಗಿಲು. ಬಾಗಿಲ ಬಳಿ ಬಾಗಿ ನಿಂತು ಬೀಸಣಿಗೆ ಚಾಚಿದ ಹುಡುಗಿ.

"ಅದು ನಾನು," ಎಂದರು ಮಾಕ್ ಚಿಕ್. ಆಮೇಲೆ ಎದ್ದು ನಿಂತರು. ಸೊಂಟ ಬಗ್ಗಿಸಿ, ಪರದೆಯಲ್ಲಿದ್ದ ನಮಗೆಲ್ಲ ನಮಸ್ಕರಿಸಿ, ಜಪಾನೀ ಭಾಷೆಯಲ್ಲಿ ಉದ್ದಕ್ಕೆ ಏನನ್ನೋ ನಿರರ್ಗಳವಾಗಿ ಹೇಳಿದರು. ಹಳೇ ಗೈಡುಗಳು ತಮಗರಿವಿಲ್ಲದೆಯೇ ತಿರುಗಿ ತಲೆಬಾಗಿದರು. ಮಗಳು ಫೋನಿನಿಂದ ತಲೆಯೆತ್ತಿದಳು.

"ಚಿತ್ರಗಳು ತಿರುಗುಮುರುಗಾಗಿದ್ವು," ಎಂದು ನಾನು ಅವಳಿಗೆ ಹೇಳಿದೆ. "ತಪ್ಪು ಆಗಿದ್ದು ನಮ್ಮ ಕೆಲಸದಲ್ಲಿ. ನಿಮ್ಮಮ್ಮ ಹೇಳಿದ್ದು ಸರಿಯಾಗೇ ಇತ್ತು. ಹಿಂದಿನ ಅರ್ಧನ ಮುರಿದು ಮತ್ತೆ ಕಟ್ಟಿದೀವಿ."

ಅವಳು ಅಮ್ಮನ ಬೆನ್ನನ್ನೇ ನೋಡುತ್ತಾ ನಿಂತಳು. ಆಮೇಲೆ ಹತ್ತಿರ ಬಂದು ಕೇಳಿದಳು. "ಮಾಕ್, ಆ ಬಾಗಿಲಿಂದ ಹೊರಗೆ ಹೋದ್ರೆ ಏನಿತ್ತು?"

ಹೊರಗೆ ನಾನು ಏನನ್ನೂ ಕಟ್ಟಿರಲಿಲ್ಲ. ಅಷ್ಟರಲ್ಲಿ ಗಡಿಬಿಡಿಯಲ್ಲಿ ಕಡ್ಡಿ ಬಾಗಿಲು ದಾಟಿಯೇ ಬಿಟ್ಟಿತ್ತು. ಪರದೆ ತುಂಬ ನಮ್ಮ ಅಡುಗೆಮನೆ, ಕುಕ್ಕರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ ಅತ್ತೆ. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ಮಾಕ್ ಚಿಕ್ ಮುಖವನ್ನೇ ನೋಡುತ್ತಿದ್ದರು.

"ಹೊರಗೆ ಜನ," ಎಂದರು ಮಾಕ್ ಚಿಕ್. "ಅಬ್ಬಬ್ಬಾ, ಏನು ಜನ! ಅಮೆರಿಕದವರ ಮಂಟಪಕ್ಕೆ ಸಾಲು. ಚಂದ್ರನಿಂದ ತಂದ ಕಲ್ಲು ಇಟ್ಟಿದ್ರಲ್ಲ, ಅದಕ್ಕೆ. ಕೊಡೆ ಬಿಡಿಸ್ಕೊಂಡು ಬುತ್ತಿ ಕಟ್ಕೊಂಡು ನಿಂತಿರೋರು."

"ಹೂಂ ಕಣೇ, ಆ ಕಲ್ಲು!" ಎಂದರು ಪುವಾನ್ ಮಾಂಟ್ ಕಿಯಾರಾದಿಂದ. "ನಾವಿಬ್ರೂ ನೋಡಿದ್ವಲ್ಲ."

"ಇಲ್ಲ. ನೋಡಿದ್ದು ನೀನೊಬ್ಳೇ," ಎಂದರು ಮಾಕ್ ಚಿಕ್. ದನಿಯಲ್ಲಿ ಅನುಮಾನವೇ ಇರಲಿಲ್ಲ. "ಇಬ್ರನ್ನೂ ಒಟ್ಟಿಗೆ ಬಿಡ್ತಿರ್ಲಿಲ್ಲ. ಆವತ್ತು ನಿನ್ನ ಬಾಗಿಲು, ನನ್ನ ಬಾಗಿಲು, ಎರಡನ್ನೂ ನಾನೇ ನೋಡ್ಕೊಂಡೆ. ನೀನು ಸಂಜೆ ಬಂದು ಹೇಳಿದೆ, ಏನಿಲ್ಲ ಕಣೇ, ಒಲೆ ಇದ್ದಿಲಿನ ಥರ ಇದೆ ಅಂತ. ಹಾಗಂದಿದ್ದಕ್ಕೆ ನಾನು ಹೋಗ್ಲೇ ಇಲ್ಲ."

ಐವತ್ತು ವರ್ಷಗಳಿಂದ ಆ ಕಲ್ಲನ್ನು ಇಬ್ಬರೂ ನೋಡಿದ್ದೆವೆಂದೇ ಪುವಾನ್ ಎಲ್ಲರಿಗೂ ಹೇಳಿಕೊಂಡು ಬಂದಿದ್ದರೇನೋ.

"ಹೌದು," ಎಂದರು ಅವರು, ಕಣ್ಣೊರೆಸಿಕೊಳ್ಳುತ್ತಾ. "ಹೌದು ಕಣೇ. ನಾನು ಮರೆತಿದ್ದೆ. ನಾನೊಬ್ಳೇ ಹೋಗಿದ್ದೆ."

ಮಗಳು ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕಕ್ಕೆ ಕೂತಳು. ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟಳು.

"ಆಮೇಲೆ, ಮಾಕ್?" ಎಂದು ಕೇಳಿದಳು.